ವಿಳಾಸ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ವಲಸಿಗರು ನಗರಗಳಲ್ಲಿ ಬೇರೆಯಾಗಿಯೇ ಉಳಿದುಬಿಡುತ್ತಾರೆ ಎಂಬ ಚರ್ಚೆ ಎದ್ದಾಗಲೆಲ್ಲ ಹೆಂಗಸರು, ಗಂಡಸರು, ಮಕ್ಕಳು, ಮುದುಕರನ್ನು ಒಂದೇ ರಾಶಿ ಹಾಕಿ ಅಳೆಯುತ್ತಾರೆ. ಈ ಅಳತೆ ದಾರಿ ತಪ್ಪಿಸುತ್ತಿದೆ.

1955ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಡಂಕನ್ ದಂಪತಿ ಬರೆದ ಪ್ರಬಂಧದ ನಂತರ ಸಮಾಜಶಾಸ್ತ್ರಜ್ಞರು ಹೆಚ್ಚಾಗಿ ನೆಚ್ಚಿಕೊಂಡಿರುವುದು ಭಿನ್ನತಾ ಸೂಚ್ಯಂಕವನ್ನು. ಎರಡು ಗುಂಪುಗಳು ಎಲ್ಲ ಬಡಾವಣೆಗಳಲ್ಲೂ ಸಮನಾಗಿ ಹರಡಬೇಕಾದರೆ ಒಂದು ಗುಂಪಿನ ನೂರಕ್ಕೆ ಎಷ್ಟು ಮಂದಿ ಮನೆ ಬದಲಿಸಬೇಕು ಎಂಬುದು ಅದರ ಲೆಕ್ಕ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದಕ್ಕೆ ಕಾಣುವುದು ವಿಳಾಸ ಮಾತ್ರ.

ಹಾಂಗ್‌ಕಾಂಗ್‌ನಲ್ಲಿ ವಿದೇಶಿ ಮನೆಗೆಲಸದವರು ಮಾಲೀಕರ ಮನೆಯಲ್ಲೇ ಇರಬೇಕೆಂಬುದು 2003ರಿಂದ ಕಡ್ಡಾಯ. ಬಹುತೇಕ ಎಲ್ಲರೂ ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಿಂದ ಬಂದ ಹೆಂಗಸರು. ಉಳ್ಳವರ ಬೀದಿಯಲ್ಲೇ ವಿಳಾಸವಿರುವುದರಿಂದ ಸೂಚ್ಯಂಕದ ಕಣ್ಣಿಗೆ ಅವರು ಊರಿನೊಂದಿಗೆ ಬೆರೆತವರು. ಭಾನುವಾರ ಆ ನಗರದ ವ್ಯಾಪಾರ ಕೇಂದ್ರವಾದ ಸೆಂಟ್ರಲ್ ಪ್ರದೇಶದಲ್ಲಿ ಕಾಣುವುದೇ ಬೇರೆ. ಪಾದಚಾರಿ ಸೇತುವೆಗಳ ಮೇಲೆ, ಬ್ಯಾಂಕ್ ಕಟ್ಟಡಗಳ ಅಡಿಯಲ್ಲಿ ರಟ್ಟು ಹಾಸಿ, ಚಪ್ಪಲಿ ಬದಿಗಿಟ್ಟು ಸಾವಿರಾರು ಹೆಂಗಸರು ಕುಳಿತಿರುತ್ತಾರೆ. ವಾರವಿಡೀ ಬೇರೆಯವರ ಗೋಡೆಗಳ ನಡುವೆ ಇದ್ದವರಿಗೆ ತಮ್ಮ ಮಾತಿನವರೊಡನೆ ಕೂರಲು ಸಿಗುವ ಜಾಗ ಅದು. ಇದನ್ನು ಬೆರೆಯುವುದು ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಗಂಡಸರದು ಇದಕ್ಕೆ ತದ್ವಿರುದ್ಧ. ಸಿಂಗಪುರದಲ್ಲಿ ಕಟ್ಟಡ ಕೆಲಸದ ವಲಸಿಗರು ದೊಡ್ಡ ವಸತಿಗೃಹಗಳಲ್ಲಿ, ಕೋಣೆಗೆ ಹತ್ತಕ್ಕೂ ಹೆಚ್ಚು ಜನರಂತೆ ಇದ್ದರು. 2020ರಲ್ಲಿ ಕೋವಿಡ್ ಆ ಕೋಣೆಗಳಿಗೆ ನುಗ್ಗಿತು. ಆ ವರ್ಷ ದೇಶದ ಸೋಂಕಿತರಲ್ಲಿ ಹೆಚ್ಚಿನವರು ಅವರೇ.

ವಯಸ್ಸಾದವರ ಸಂಕಟವನ್ನಂತೂ ಯಾರೂ ಕೇಳುವುದಿಲ್ಲ. ಮಗನೋ ಮಗಳೋ ಕರೆಸಿಕೊಂಡ ತಾಯಿ, ಊರಾಚೆಯ ಒಳ್ಳೆಯ ಬಡಾವಣೆಯಲ್ಲಿ, ಭಾಷೆ ಬಾರದೆ, ವಾಹನ ಓಡಿಸಲಾಗದೆ ಹಗಲೆಲ್ಲ ಕಿಟಕಿಯ ಬಳಿ ಕೂರುತ್ತಾಳೆ. ಲೆಕ್ಕದಲ್ಲಿ ಆಕೆಯ ಕುಟುಂಬ ಮುಂದೆ ಬಂದಿದೆ. ಆಕೆಗೆ ಬೇಕಿರುವುದು ನಾಲ್ಕು ಮಾತಿಗೆ ಸಿಗುವ, ತನ್ನವರು ಒತ್ತಾಗಿರುವ ಬೀದಿ. ಒಟ್ಟಿಗಿರುವುದೆಲ್ಲ ಕೆಡುಕಲ್ಲ, ಆದರೆ ಅದೇ ಬೀದಿ ಆಕೆಯ ಮೊಮ್ಮಕ್ಕಳಿಗೆ ಹೊಸ ಭಾಷೆಯ ಗೆಳೆಯರನ್ನು ಕೊಡದೇ ಹೋಗಬಹುದು. ಶಾಲೆಯ ಪ್ರವೇಶ ಮನೆಯ ವಿಳಾಸಕ್ಕೆ ಕಟ್ಟಿಕೊಂಡಿರುವ ಕಡೆ ಈ ಪೆಟ್ಟು ಇನ್ನೂ ಜೋರು.

ಆದ್ದರಿಂದ ಜನಗಣತಿ ನಡೆಸುವವರು ಬಡಾವಣೆವಾರು ಅಂಕಿಗಳನ್ನು ವಯಸ್ಸು ಮತ್ತು ಲಿಂಗದ ಪ್ರಕಾರ ಬಿಡಿಸಿ ಪ್ರಕಟಿಸಲಿ. ಮಾಲೀಕರ ಮನೆಯಲ್ಲಿ ಇರುವವರನ್ನೂ ವಸತಿಗೃಹಗಳಲ್ಲಿ ಇರುವವರನ್ನೂ ಬೇರೆಯಾಗಿಯೇ ಎಣಿಸಲಿ.

ಇಂತಿ,
ನಿಮ್ಮ ಓದುಗ