ಜ್ಯೂರಿ ನಮ್ಮಲ್ಲೂ ಇತ್ತು

ಮಾನ್ಯರೇ,

ಗಂಭೀರ ಪ್ರಕರಣಗಳ ವಿಚಾರಣೆಗೆ ನಮ್ಮಲ್ಲೂ ಜ್ಯೂರಿ, ಅಂದರೆ ಆರೋಪಿ ತಪ್ಪಿತಸ್ಥನೇ ಎಂದು ಹೇಳುವ ಸಾಮಾನ್ಯ ನಾಗರಿಕರ ಮಂಡಳಿ, ಇರಬೇಕಿತ್ತೆಂಬ ಮಾತು ಆಗಾಗ ಕೇಳಿಬರುತ್ತದೆ. ಹಿಂದೆ ಇತ್ತೆಂಬುದನ್ನು ಮರೆತವರೇ ಹೆಚ್ಚು. ನೌಕಾಪಡೆಯ ಅಧಿಕಾರಿ ನಾನಾವತಿ ಆರೋಪಿಯಾಗಿದ್ದ 1959ರ ಕೊಲೆ ಪ್ರಕರಣದಲ್ಲಿ ಮುಂಬೈ ಸೆಷನ್ಸ್ ನ್ಯಾಯಾಲಯದ ಒಂಬತ್ತು ಜ್ಯೂರಿ ಸದಸ್ಯರ ಪೈಕಿ ಎಂಟು ಮಂದಿ ಆರೋಪಿಯನ್ನು ನಿರ್ದೋಷಿ ಎಂದರು. ಅದನ್ನು ಒಪ್ಪದ ನ್ಯಾಯಾಧೀಶರು ಪ್ರಕರಣವನ್ನು ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟ್ ವಿಧಿಸಿದ ಜೀವಾವಧಿ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. (ಆ ಪ್ರಕರಣದ್ದೇ ದೇಶದ ಕೊನೆಯ ಜ್ಯೂರಿ ವಿಚಾರಣೆ ಎಂಬುದು ಬರೀ ದಂತಕಥೆ.) 1973ರ ದಂಡ ಪ್ರಕ್ರಿಯಾ ಸಂಹಿತೆ ಈ ಪದ್ಧತಿಗೆ ತೆರೆ ಎಳೆಯಿತು.

ಜ್ಯೂರಿಯು 'ನಿರ್ದೋಷಿ' ಎಂಬ ಒಂದೇ ಪದ ಹೇಳಿ ಎದ್ದುಹೋಗಬಹುದಿತ್ತು. ಇಂದಿನ ಸೆಷನ್ಸ್ ನ್ಯಾಯಾಧೀಶರಾದರೋ ಯಾವ ಸಾಕ್ಷಿಯನ್ನು ನಂಬಿದೆ, ಯಾವುದನ್ನು ಏಕೆ ತಳ್ಳಿಹಾಕಿದೆ ಎಂಬುದನ್ನು ಬರೆದೇ ತೀರಬೇಕು. ಮೇಲ್ಮನವಿಯಲ್ಲಿ ವಕೀಲರು ಬೆರಳಿಟ್ಟು ಪ್ರಶ್ನಿಸುವುದು ಆ ಸಾಲುಗಳನ್ನೇ.

– ಓರ್ವ ಓದುಗ, ಧಾರವಾಡ