ಔಷಧಿ ಚೀಟಿಯಲ್ಲಿ ವೈದ್ಯರು ಇನ್ನೊಂದು ಸಾಲು ಬರೆಯಲಿ

ಮಾನ್ಯ ಸಂಪಾದಕರೇ,

ಊರಿನಲ್ಲಿರುವ ಹಿರಿಯರಿಗೆ ತಿಂಗಳು ತಿಂಗಳೂ ಆನ್‌ಲೈನ್‌ನಲ್ಲಿ ಮಾತ್ರೆ ತರಿಸಿಕೊಡುವ ಹೊಣೆ ಈಗ ನಗರದಲ್ಲಿರುವ ಮಕ್ಕಳು, ಸೊಸೆಯಂದಿರು, ತಂಗಿಯ ಮಕ್ಕಳ ಮೇಲೆ ಬಿದ್ದಿದೆ. ನಾನು ಮೈಸೂರಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ನನ್ನ ದೊಡ್ಡಮ್ಮ ಕೊಪ್ಪ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಬ್ಬರೇ ಇದ್ದಾರೆ. ವಯಸ್ಸು 79, ಮಕ್ಕಳಿಲ್ಲ. ಬಿ.ಪಿ.ಗೆ ಟೆಲ್ಮಿಸಾರ್ಟಾನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಬೆಳಿಗ್ಗೆ ಬರಿಹೊಟ್ಟೆಗೆ ಥೈರಾಯ್ಡ್ ಮಾತ್ರೆ. ವರ್ಷಗಳಿಂದ ಇದೇ ಪಟ್ಟಿ. ಹೀಗಿದ್ದೂ ಪ್ರತಿ ಸಲ ತರಿಸುವಾಗ ನಿನ್ನೆ ಮೊನ್ನೆ ಬಂದ ಕಾಯಿಲೆಗೆ ಔಷಧಿ ಕೇಳಿದಂತೆ ಮೊದಲಿನಿಂದ ಶುರು ಮಾಡಬೇಕು.

ಆ್ಯಪ್‌ನಲ್ಲಿ ಚೀಟಿಯ ಫೋಟೊ ಹಾಕಿದರೆ ‘ಹಳೆಯದು’ ಎಂದು ತಿರಸ್ಕರಿಸುತ್ತದೆ. ಅದರ ಕೆಳಗೇ ಪರಿಹಾರವೂ ಕಾಣುತ್ತದೆ: ಚೀಟಿ ಇಲ್ಲದಿದ್ದರೆ ನಮ್ಮ ವೈದ್ಯರು ಕರೆ ಮಾಡುತ್ತಾರೆ. ಕರೆ ಬರುತ್ತದೆ. ಅತ್ತಲಿನವರು ಹಿಂದಿಯಲ್ಲಿ ರೋಗಿಯ ವಯಸ್ಸು ಕೇಳುತ್ತಾರೆ, ಮಾತ್ರೆಗಳ ಹೆಸರು ಓದುತ್ತಾರೆ, ‘ಬೇರೆ ತೊಂದರೆ ಇಲ್ಲವಲ್ಲ?’ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಮೊಬೈಲ್‌ಗೆ ಹೊಸ ಚೀಟಿ ಬಂದುಬಿಡುತ್ತದೆ. ಬಿ.ಪಿ. ಈಗ ಎಷ್ಟಿದೆ, ರಕ್ತ ಪರೀಕ್ಷೆ ಯಾವಾಗ ಆಯಿತು, ಮಾತ್ರೆ ನುಂಗುವವರು ನಾನೋ ಇನ್ನೊಬ್ಬರೋ ಎಂದು ಅವರು ಕೇಳಿದ್ದೇ ಇಲ್ಲ. ದೊಡ್ಡಮ್ಮನನ್ನು ಕಂಡಿರದ, ಅವರ ಭಾಷೆಯೂ ಬಾರದ ಒಬ್ಬರ ಸಹಿಯ ಮೇಲೆ ಅವರ ಮುಂದಿನ ತಿಂಗಳು ನಿಂತಿದೆ. ಇದನ್ನು ವೈದ್ಯಕೀಯ ತಪಾಸಣೆ ಎಂದು ಒಪ್ಪಲು ನನ್ನ ಮನಸ್ಸು ಬರುವುದಿಲ್ಲ.

ಟೆಲಿಮೆಡಿಸಿನ್, ಅಂದರೆ ಫೋನು, ವಿಡಿಯೊ ಮೂಲಕ ದೂರದಿಂದಲೇ ಕೊಡುವ ಚಿಕಿತ್ಸೆಯ ಬಗ್ಗೆ ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲಿ ಪ್ರಕಟಿಸಿದ ಮಾರ್ಗಸೂಚಿ ಇಂಥ ಕಾಟಾಚಾರಕ್ಕಾಗಿ ಬಂದದ್ದಲ್ಲ. ರೋಗಿಯನ್ನು ಎದುರಿಗೆ ನೋಡಿದ ವೈದ್ಯರೇ ಅದೇ ಕಾಯಿಲೆಗೆ ಆರು ತಿಂಗಳೊಳಗೆ ಮತ್ತೆ ಫೋನಿನಲ್ಲಿ ಸಲಹೆ ಕೊಟ್ಟರೆ ಅದು ಮುಂದುವರಿದ ಚಿಕಿತ್ಸೆ ಎನ್ನುತ್ತದೆ ಅದು. ರೋಗಿಯ ಪರವಾಗಿ ಮನೆಯವರು ಮಾತನಾಡುವುದಕ್ಕೂ ಅವಕಾಶ ಕೊಟ್ಟಿದೆ; ಆದರೆ ಅವರಿಗೆ ರೋಗಿಯ ಒಪ್ಪಿಗೆ ಇದೆಯೇ, ಸಂಬಂಧ ಏನು ಎಂಬುದು ವೈದ್ಯರಿಗೆ ಖಾತ್ರಿಯಾಗಬೇಕು. ನಾನು ದೊಡ್ಡಮ್ಮನಿಗೆ ಏನಾಗಬೇಕು ಎಂದು ಆ ಕರೆಗಳಲ್ಲಿ ಯಾರೂ ವಿಚಾರಿಸಿಲ್ಲ.

ಇಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ನಾವು ಕೇಳಿದ ಬಿ.ಪಿ. ಮಾತ್ರೆ ದಾಸ್ತಾನಿಲ್ಲವೆಂದು ಕಂಪನಿಯವರು ಬೇರೆ ಬ್ರ್ಯಾಂಡಿನದನ್ನು ಕಳುಹಿಸಿದರು. ಒಳಗಿರುವ ಔಷಧಿ ಅದೇ, 40 ಮಿಲಿಗ್ರಾಂ. ಮಾತ್ರೆಯ ಆಕಾರ ಮಾತ್ರ ಬೇರೆ, ಮಾತ್ರೆಗಳ ಪಟ್ಟಿಯ (ಸ್ಟ್ರಿಪ್) ಬಣ್ಣವೂ ಬೇರೆ. ದೊಡ್ಡಮ್ಮ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವವರು. ಆದರೆ ಮಾತ್ರೆಯ ಪಟ್ಟಿಯ ಬೆನ್ನಿನ ಮೇಲೆ ಸಾಸಿವೆ ಕಾಳಿನಷ್ಟು ಅಕ್ಷರದ ಇಂಗ್ಲಿಷನ್ನು ಹೇಗೆ ಓದಿಯಾರು? ಅವರಿಗೆ ಗುರುತು ಸಿಗುವುದು ಬಣ್ಣದಿಂದ. ಹೊಸ ಬಣ್ಣ ಬಂದಿದೆ ಎಂದರೆ ಹೊಸ ಔಷಧಿ ಸೇರಿದೆ ಎಂದುಕೊಂಡು, ಹಳೆಯದರಲ್ಲಿ ಉಳಿದದ್ದನ್ನೂ ಹೊಸದನ್ನೂ ಒಟ್ಟಿಗೆ ತೆಗೆದುಕೊಂಡರು. ಬೆಳಿಗ್ಗೆ ಬಚ್ಚಲಿಗೆ ಹೋದವರಿಗೆ ಕಣ್ಣು ಕತ್ತಲಿಟ್ಟಿತು. ಹಂಡೆಯ ಕಟ್ಟೆ ಹಿಡಿದುಕೊಂಡದ್ದರಿಂದ ಬೀಳಲಿಲ್ಲ. ಹಾಲು ಕೊಡಲು ಬಂದ ಪಕ್ಕದ ಮನೆಯ ಹುಡುಗಿ ಎರಡೂ ಪಟ್ಟಿಗಳ ಫೋಟೊ ತೆಗೆದು ನನಗೆ ಕಳುಹಿಸಿದಾಗಲೇ ಸಂಗತಿ ತಿಳಿದದ್ದು. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂದು ಬಲ್ಲವರಿಗೆ ನನ್ನ ಆತಂಕ ಅರ್ಥವಾಗುತ್ತದೆ.

ಅಗ್ಗದ ಮಾತ್ರೆಗೆ ನನ್ನ ವಿರೋಧವಿಲ್ಲ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಸಿಗುವುದು ದೊಡ್ಡ ಉಪಕಾರ. ಬದಲಾಯಿಸುವುದಿದ್ದರೆ ವೈದ್ಯರು ಹೇಳಿ ಬದಲಾಯಿಸಲಿ, ನುಂಗುವವರಿಗೆ ಅದನ್ನು ತಿಳಿಸಲಿ ಎನ್ನುತ್ತೇನೆ. ಕಾನೂನೂ ಇದನ್ನೇ ಹೇಳುತ್ತದೆ. 1945ರ ಔಷಧ ನಿಯಮಗಳ 65ನೇ ನಿಯಮದ ಪ್ರಕಾರ ಷೆಡ್ಯೂಲ್ ಎಚ್ ಪಟ್ಟಿಯ (ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ) ಔಷಧಿಗೆ ಚೀಟಿ ತಂದವರಿಗೆ, ಒಳಗಿನ ಅಂಶ ಅದೇ ಆಗಿದ್ದರೂ, ಬರೆದದ್ದನ್ನು ಬಿಟ್ಟು ಬೇರೆ ತಯಾರಿಕೆಯನ್ನು ಅಂಗಡಿಯವರು ಕೊಡುವಂತಿಲ್ಲ.

ಅದೇ ನಿಯಮದಲ್ಲಿ ನಮ್ಮ ಸಮಸ್ಯೆಗೆ ಮದ್ದೂ ಇದೆ. ಒಂದು ಚೀಟಿಗೆ ಒಂದೇ ಸಲ ಔಷಧಿ ಕೊಡಬೇಕು. ಆದರೆ ಇಷ್ಟು ಸಲ, ಇಷ್ಟು ದಿನಗಳಿಗೊಮ್ಮೆ ಕೊಡಬಹುದು ಎಂದು ವೈದ್ಯರೇ ಚೀಟಿಯಲ್ಲಿ ಬರೆದಿದ್ದರೆ ಹಾಗೆಯೇ ಕೊಡಬಹುದು. ಕೊಟ್ಟ ದಿನಾಂಕವನ್ನೂ ಅಂಗಡಿಯ ಹೆಸರನ್ನೂ ಅದೇ ಚೀಟಿಯ ಮೇಲೆ ನಮೂದಿಸಬೇಕು. ಅಂದರೆ ‘ಆರು ತಿಂಗಳು, ತಿಂಗಳಿಗೊಮ್ಮೆ, ಬ್ರ್ಯಾಂಡ್ ಬದಲಿಸಬೇಡಿ, ಮುಂದಿನ ತಪಾಸಣೆ ಇಂಥ ತಿಂಗಳು’ ಎಂದು ವೈದ್ಯರು ಬರೆದರೆ ಸಾಕು. ಹಿಂದಿ ಕರೆಯೂ ಬೇಡ, ಅಪರಿಚಿತ ಸಹಿಯೂ ಬೇಡ. ಆರು ತಿಂಗಳಿಗೊಮ್ಮೆ ಹಿರಿಯರನ್ನು ವೈದ್ಯರೆದುರು ಕೂರಿಸುವುದೂ ತಪ್ಪುವುದಿಲ್ಲ. ನಾನು ನೋಡಿದ ಚೀಟಿಗಳಲ್ಲಿ ಹೆಚ್ಚಿನವು ‘30 ದಿನ’ ಎಂಬಲ್ಲಿಗೆ ಮುಗಿದುಹೋಗುತ್ತವೆ. ವೈದ್ಯರ ಮುಂದೆ ಸಾಲು ದೊಡ್ಡದಿರುತ್ತದೆ, ನಿಜ. ಆದರೂ ಆ ಒಂದು ಸಾಲು ಹಳ್ಳಿಯ ಹಿರಿಯರೊಬ್ಬರನ್ನು ಅರ್ಧ ವರ್ಷ ಕಾಯುತ್ತದೆ.

ಊರಿನ ಮೆಡಿಕಲ್ ಶಾಪಿನವರ ಬಗ್ಗೆಯೂ ಹೇಳಲೇಬೇಕು. ಕೊಪ್ಪದ ಅಂಗಡಿಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಚೀಟಿ ಕಳುಹಿಸಿ ಹಣ ಹಾಕಿದರೆ ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೊಟ್ಟಣ ದೊಡ್ಡಮ್ಮನ ನಿಲ್ದಾಣಕ್ಕೆ ಬಂದಿಳಿಯುತ್ತದೆ. ಒಂದೊಂದು ಪಟ್ಟಿಯ ಮೇಲೂ ಸ್ಕೆಚ್ ಪೆನ್ನಿನಲ್ಲಿ ‘ಬೆಳಿಗ್ಗೆ 1’, ‘ರಾತ್ರಿ ಊಟದ ಮೇಲೆ’ ಎಂದು ದಪ್ಪ ಕನ್ನಡದಲ್ಲಿ ಬರೆದಿರುತ್ತಾರೆ. ಎಲ್ಲ ಮಾತ್ರೆಗಳೂ ಅವರಲ್ಲಿ ಸದಾ ಇರುವುದಿಲ್ಲವೆಂದೇ ನಾನು ಆ್ಯಪ್ ಹಿಡಿಯಬೇಕಾಯಿತು. ಆ್ಯಪ್‌ನ ಒಟಿಪಿ ಮೈಸೂರಿನಲ್ಲಿ ಪಾಠ ಮಾಡುತ್ತಿರುವ ನನ್ನ ಫೋನಿಗೆ ಬರುತ್ತದೆ, ತಂದುಕೊಡುವ ಹುಡುಗ ದೊಡ್ಡಮ್ಮನ ಗೇಟಿನ ಬಳಿ ನಿಂತಿರುತ್ತಾನೆ; ನೆಟ್‌ವರ್ಕ್ ಇಲ್ಲದ ದಿನ ಅವನು ಪೊಟ್ಟಣದೊಂದಿಗೆ ವಾಪಸ್. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಇಮೇಲ್‌ನಲ್ಲಿ ಬಂದ ಚೀಟಿಯ ಮೇಲೆ ಅದೇ ಜಿಲ್ಲೆಯೊಳಗೆ ಮನೆಗೆ ಔಷಧಿ ತಲುಪಿಸಲು ಪರವಾನಗಿ ಹೊಂದಿದ ಅಂಗಡಿಗಳಿಗೆ ಕೇಂದ್ರ ಅನುಮತಿ ಕೊಟ್ಟಿತ್ತು. ಇಂಥ ಅಂಗಡಿಗಳನ್ನೇ ಬಲಪಡಿಸಿದರೆ ಮಲೆನಾಡಿನಂಥ ಕಡೆ ಆ್ಯಪ್‌ಗಳಿಗಿಂತ ಹೆಚ್ಚು ಕೆಲಸವಾಗುತ್ತದೆ ಎಂಬುದು ನನ್ನ ನಂಬಿಕೆ.

ಆನ್‌ಲೈನ್ ಔಷಧ ಮಾರಾಟಕ್ಕೆಂದೇ ಕರಡು ನಿಯಮ ಪ್ರಕಟವಾದದ್ದು 2018ರ ಆಗಸ್ಟ್‌ನಲ್ಲಿ. ಇಷ್ಟು ವರ್ಷಗಳಾದರೂ ಅದು ಅಂತಿಮವಾಗಿಲ್ಲ. ಅದಕ್ಕಾಗಿ ಕಾಯದೆ ರಾಜ್ಯದ ಔಷಧ ನಿಯಂತ್ರಣ ಇಲಾಖೆ 65ನೇ ನಿಯಮವನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಪ್ರತಿ ಔಷಧ ಅಂಗಡಿಯಲ್ಲೂ ಆ್ಯಪ್‌ನಲ್ಲೂ ಪ್ರದರ್ಶಿಸುವಂತೆ ಮಾಡಲಿ. ಒಪ್ಪಿಗೆಯಿಲ್ಲದೆ ಬ್ರ್ಯಾಂಡ್ ಬದಲಿಸಿದವರ ಮೇಲೆ ಕನ್ನಡದಲ್ಲೇ ದೂರು ಕೊಡಲು ಒಂದು ದೂರವಾಣಿ ಸಂಖ್ಯೆಯನ್ನೂ ಅದರಲ್ಲಿ ಅಚ್ಚು ಹಾಕಲಿ. ದಸರಾ ರಜೆಗೆ ಊರಿಗೆ ಹೋಗುವ ಓದುಗರು ಹಿರಿಯರನ್ನು ತಪಾಸಣೆಗೆ ಕರೆದೊಯ್ದಾಗ, ಎಷ್ಟು ತಿಂಗಳು ಮುಂದುವರಿಸಬೇಕೆಂದು ಚೀಟಿಯಲ್ಲೇ ಬರೆದುಕೊಡುವಂತೆ ವೈದ್ಯರನ್ನು ಕೇಳಿ ಎಂದು ಕೋರುತ್ತೇನೆ. ನಾನೂ ಕೇಳಲಿದ್ದೇನೆ.

– ಪ್ರೌಢಶಾಲಾ ಶಿಕ್ಷಕಿ, ಸರಸ್ವತಿಪುರಂ, ಮೈಸೂರು