ರಾತ್ರಿಯ ಒಂದೇ ಹನಿ

ಪ್ರೀತಿಯ ಪುಟ್ಟಿಗೆ,

ಗ್ಲಾಕೋಮಾ ಅಂತ ಗೊತ್ತಾದ ಮೇಲೆ ನೀನು ಯಾರ ಹತ್ತಿರವೂ ಸರಿಯಾಗಿ ಮಾತಾಡಿಲ್ಲವಂತೆ. ಅಮ್ಮ ಹೇಳಿದಳು. ನಿನಗೆ ಬರೆದುಕೊಟ್ಟಿರುವ ಲ್ಯಾಟಾನೊಪ್ರೋಸ್ಟ್ ಹನಿಯನ್ನೇ ನಾನು ಒಂಬತ್ತು ವರ್ಷದಿಂದ ಹಾಕಿಕೊಳ್ಳುತ್ತಿದ್ದೇನೆ. ಅದು ಒಳಗೆ ಏನು ಮಾಡುತ್ತೆ ಅಂತ ತಿಳಿದರೆ ನಿನ್ನ ಹೆದರಿಕೆ ಸ್ವಲ್ಪ ಇಳಿದೀತು.

ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿನೀರು ಸದಾ ಹುಟ್ಟುತ್ತಾ, ಹರಿದು ಹೋಗುತ್ತಾ ಇರುತ್ತದೆ. ಕಣ್ಣೀರು ಬೇರೆ, ಇದು ಬೇರೆ. ಇದು ಹೋಗುವುದು ಕಷ್ಟವಾದರೆ ಒತ್ತಡ ಏರುತ್ತದೆ, ಹಿಂದಿನ ದೃಷ್ಟಿನರ ನಲುಗುತ್ತದೆ. ಅದೇ ಗ್ಲಾಕೋಮಾ. ನೀರಿಗೆ ದಾರಿ ಎರಡು. ದೊಡ್ಡದು ಜರಡಿಯಂಥ ಜಾಲ. ಇನ್ನೊಂದು ಕಾಲುದಾರಿ: ಕಣ್ಣೊಳಗಿನ ಸಿಲಿಯರಿ ಸ್ನಾಯುವಿನ ಎಳೆಗಳ ನಡುವೆ ಜಿನುಗಿ ಹೋಗುವುದು. ನಿನ್ನ ಹನಿ ಮುಖ್ಯವಾಗಿ ಈ ಕಾಲುದಾರಿಯನ್ನು ಸಡಿಲ ಮಾಡುತ್ತದೆ.

ಬಾಟಲಿಯಲ್ಲಿರುವಾಗ ಅದು ಇನ್ನೂ ಪೂರ್ತಿ ಔಷಧವಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾ ದಾಟುವಾಗ ಅಲ್ಲಿನ ಕಿಣ್ವ ಅದರ ಒಂದು ತುಣುಕು ಕತ್ತರಿಸುತ್ತದೆ. ಆಗ ಅದಕ್ಕೆ ಕೆಲಸ ಮಾಡುವ ರೂಪ ಬರುತ್ತದೆ. ಸ್ನಾಯುವಿನ ಕೋಶಗಳ ಮೇಲೆ ಇಂಥ ಔಷಧದ ಸಂದೇಶ ಹಿಡಿಯುವ ಎಫ್‌ಪಿ ರಿಸೆಪ್ಟರ್‌ಗೆ ಹೋಗಿ ಕೂರುತ್ತದೆ. ಅದಕ್ಕೆ ಓಗೊಟ್ಟ ಕೋಶ, ಎಳೆಗಳ ನಡುವಿನ ಕೊಲಾಜೆನ್ ಅನ್ನುವ ನಾರನ್ನು ಕರಗಿಸುವ ಕಿಣ್ವಗಳನ್ನು ಜಾಸ್ತಿ ಮಾಡುತ್ತದೆ. ಸಂದಿ ಸಡಿಲವಾಗಿ ನೀರು ಹರಿಯುತ್ತದೆ. ಒತ್ತಡ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿಯುತ್ತದೆ. ಹಾಕಿದ 3–4 ಗಂಟೆಗೆ ಇಳಿಯಲು ಶುರುವಾಗಿ, 8ರಿಂದ 12 ಗಂಟೆಯ ಹೊತ್ತಿಗೆ ಪೂರ್ತಿ ಗುಣ ಕಾಣುತ್ತದೆ.

ಈ ಹನಿ ಪ್ರೋಸ್ಟಗ್ಲಾಂಡಿನ್ ಅನ್ನುವ, ದೇಹದಲ್ಲೇ ಹುಟ್ಟುವ ವಸ್ತುವಿನ ಜಾತಿಯದು. ಅದು ಕಣ್ಣಿಗೆ ಕೆಟ್ಟದ್ದು, ಒತ್ತಡ ಏರಿಸುತ್ತೆ ಅಂತಲೇ ಹಿಂದೆ ತಿಳಿದಿದ್ದರು. ತೀರಾ ಕಡಿಮೆ ಹಾಕಿದರೆ ಮೊಲಗಳ ಕಣ್ಣಿನ ಒತ್ತಡ ಇಳಿಯುತ್ತದೆ ಅಂತ ಸಂಶೋಧಕರಾದ ಕ್ಯಾಮ್ರಾಸ್, ಬಿಟೊ ಮತ್ತವರ ಜೊತೆಗಾರರು 1977ರಲ್ಲಿ ತೋರಿಸಿದರು. 1996ರಲ್ಲಿ ಈ ಹನಿ ಬಂತು. ನೋಡು, ಇದರ ಗುಣ ಇರುವುದೇ ಸ್ವಲ್ಪದರಲ್ಲಿ. ದಿನಕ್ಕೆ ಎರಡು ಸಲ ಹಾಕಿದರೆ ಗುಣ ಕಡಿಮೆಯಾಗುತ್ತೆ. ಒಂದು ರಾತ್ರಿ ಮರೆತರೆ ಮರುದಿನ ಒಂದೇ ಹನಿ, ಎರಡಲ್ಲ.

ಎರಡನೇ ವರ್ಷ ನಾನೊಂದು ತಪ್ಪು ಮಾಡಿದೆ. ಕಣ್ಣು ಚೆನ್ನಾಗೇ ಕಾಣುತ್ತಿದೆ ಅಲ್ವಾ ಅಂತ ನಾಲ್ಕು ತಿಂಗಳು ಸುಮ್ನೆ ಬಿಟ್ಟುಬಿಟ್ಟೆ. ಆಮೇಲೆ, ನೋಟ ಎಷ್ಟು ಅಗಲಕ್ಕಿದೆ ಅಂತ ಅಳೆಯುವ ಫೀಲ್ಡ್ ಟೆಸ್ಟ್‌ಗೆ ಕೂತೆ. ಚುಕ್ಕಿ ಬೆಳಕು ಕಂಡಾಗೆಲ್ಲ ಗುಂಡಿ ಒತ್ತಬೇಕು. ನಡುವೆ ಬಹಳ ಹೊತ್ತು ಏನೂ ಬರಲಿಲ್ಲ. ಯಂತ್ರ ನಿಂತಿದೆ ಅಂದುಕೊಂಡೆ. ಬೆಳಕು ಬರುತ್ತಲೇ ಇತ್ತು, ಪುಟ್ಟಿ. ಎಡಗಣ್ಣಿನ ಆ ಮೂಲೆ ಮತ್ತೆ ಬರಲಿಲ್ಲ. ಹನಿ ಇರುವುದನ್ನು ಕಾಯುತ್ತದೆ, ಹೋದದ್ದನ್ನು ತರುವುದಿಲ್ಲ.

ಮೊದಮೊದಲು ಕಣ್ಣು ಕೆಂಪಾಗಬಹುದು. ರೆಪ್ಪೆಕೂದಲು ಉದ್ದವಾಗುತ್ತೆ, ನನ್ನದು ಕನ್ನಡಕದ ಗಾಜಿಗೆ ತಾಗುತ್ತೆ. ಕಣ್ಣಿನ ಬಣ್ಣ ಗಾಢವಾದರೆ ಅದು ಹಾಗೇ ಉಳಿಯುತ್ತೆ. ನೋವು ಬಂದರೆ, ಮಂಜಾದರೆ, ಮಗುವಿನ ಯೋಚನೆ ಇದ್ದರೆ ತಡಮಾಡದೆ ಡಾಕ್ಟರ್‌ಗೆ ಹೇಳು. ನೀನಾಗಿಯೇ ನಿಲ್ಲಿಸಬೇಡ.

ಕೆಳರೆಪ್ಪೆ ಎಳೆದು, ಆ ಚೀಲದಂಥ ಜಾಗಕ್ಕೆ ಹನಿ ಬಿಡು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಒತ್ತಿಹಿಡಿ. ಇಲ್ಲದಿದ್ದರೆ ಔಷಧ ಗಂಟಲಿಗೆ ಇಳಿಯುತ್ತೆ. ಭಾನುವಾರ ಬರುತ್ತೇನೆ. ಆ ರಾತ್ರಿ ಇಬ್ಬರೂ ಒಟ್ಟಿಗೆ ಹಾಕಿಕೊಳ್ಳೋಣ.

ನಿನ್ನ ದೊಡ್ಡಮ್ಮ